ಕರಗಿ ಮತ್ತೆ ಹೆಪ್ಪುಗಟ್ಟಿದ್ದು

ತಿಪಟೂರಿನ ಕಾಲೇಜಿನಲ್ಲಿ ರಾಜಲಕ್ಷ್ಮಿ ಡೆಮಾನ್‌ಸ್ಟ್ರೇಟರ್ ಆಗಿದ್ದ ಕಾಲಕ್ಕೆ ಅಲ್ಲಿನ ಲ್ಯಾಬಿನ ಬೀರುವಿನಲ್ಲಿ ಅವಳಿಗಿಂತ ವಯಸ್ಸಾದ ಬಾಟಲಿಗಳಿದ್ದವು. ಏನನ್ನೂ ಎಸೆಯುವ ಪದ್ಧತಿ ಇರಲಿಲ್ಲ. ಲೇಬಲ್ ಅಳಿಸಿದರೆ ಹೊಸದು ಬರೆದು ಅಂಟಿಸಬೇಕು, ಪುಡಿ ಗಟ್ಟಿಯಾದರೆ ಕುಟ್ಟಿ ಬಳಸಬೇಕು, ತಳದಲ್ಲಿ ಉಳಿದದ್ದನ್ನು ಮೊದಲ ವರ್ಷದವರ ಪಾಲಿಗೆ ಹಾಕಬೇಕು. ಲೇಬಲ್ ಬರೆಯುವ ಕೆಲಸ ಅವಳದು. ಮುತ್ತು ಪೋಣಿಸಿದಂಥ ಅಕ್ಷರ ಎಂದು ಪ್ರಿನ್ಸಿಪಾಲರೇ ಹೊಗಳಿದ್ದರು.

ಮದುವೆಯಾಗಿ, ಗಂಡ ಬದರಿನಾಥನ ಕೆಲಸದ ಹಿಂದೆ ಸ್ವೀಡನ್ನಿನ ಲುಂಡ್ ಪಟ್ಟಣಕ್ಕೆ ಬಂದು, ಎರಡು ವರ್ಷ ಭಾಷೆ ಕಲಿತು, ಕೊನೆಗೆ ಊರಾಚೆಯ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಅವಳು ಟೆಕ್ನಿಷಿಯನ್ ಆಗಿ ಸೇರಿದಳು. ಗಿಡಗಳಿಗೆ ಬರುವ ರೋಗಗಳನ್ನು ಅಭ್ಯಾಸ ಮಾಡುವ ಸಂಸ್ಥೆ ಅದು. ಕಿಟಕಿಯಾಚೆ ಮೇ ತಿಂಗಳಲ್ಲಿ ಕಣ್ಣು ಹರಿಯುವಷ್ಟು ದೂರ ಹಳದಿ ಹೂವಿನ ಹೊಲ, ನವೆಂಬರಿನಲ್ಲಿ ಬರೀ ಗಾಳಿ. ದಿನಕ್ಕೆರಡು ಸಲ ಫಿಕಾ: ಕೈಯಲ್ಲಿ ಏನೇ ಕೆಲಸವಿರಲಿ, ಎಲ್ಲರೂ ಒಂದೇ ಮೇಜಿಗೆ ಬಂದು ಕಾಫಿ ಕುಡಿಯಬೇಕು. ಪ್ರೊಫೆಸರನ್ನೂ ಬರೀ ಹೆಸರಿನಿಂದ ಕರೆಯಬೇಕು. 'ಬೆರ್ಟಿಲ್' ಎಂದು ಅವರ ಮುಖ ನೋಡಿ ಮೊದಲ ಸಲ ಕರೆದ ದಿನ ಅವಳಿಗೆ ನಾಲಿಗೆ ಕಚ್ಚಿಕೊಂಡಂತಾಗಿತ್ತು. ಆಮೇಲೆ ರೂಢಿಯಾಯಿತು. ಬೆರ್ಟಿಲ್ ಮೆತ್ತಗಿನ ಮಾತಿನವರು. ಅವರು ದನಿ ಎತ್ತಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

2005ರ ಜೂನ್‌ನಲ್ಲಿ, ಮಿಡ್‌ಸೊಮ್ಮರ್ ಹಬ್ಬಕ್ಕೆ ಎಲ್ಲರೂ ತಂತಮ್ಮ ಬೇಸಿಗೆ ಮನೆಗಳಿಗೆ ಹೋಗಿಬಿಟ್ಟಿದ್ದರು. ಸೋಮವಾರ ಮೊದಲು ಬಂದವಳು ರಾಜಲಕ್ಷ್ಮಿ. ದೊಡ್ಡ ಫ್ರೀಜರಿನ ಕೆಳಗೆ ನೀರು ನಿಂತಿತ್ತು. ಬಾಗಿಲು ತೆಗೆದರೆ ಬೆಚ್ಚನೆಯ, ಹುಳಿ ಹಿಡಿದ ಗಾಳಿ ಮುಖಕ್ಕೆ ಬಡಿಯಿತು. ಅದು ಯಾವಾಗ ನಿಂತಿತ್ತೋ ದೇವರೇ ಬಲ್ಲ. ನಾಲ್ಕು ದಿನವಂತೂ ಆಗಿತ್ತು. ಟ್ಯೂಬುಗಳ ಮೇಲಿನ ಶಾಯಿ ಕರಗಿ ಬೆರಳಿಗೆ ನೀಲಿಯಾಗಿ ಅಂಟಿಕೊಂಡಿತು.

ಅದರಲ್ಲಿ ಮುಖ್ಯವಾಗಿ ಇದ್ದದ್ದು ಕಿಣ್ವ. ಎಲೆಯ ರಸದಲ್ಲಿ ರೋಗಾಣು ಒಂದೆರಡೇ ಇದ್ದರೂ ಅದರ ಗುರುತನ್ನು ಸಾವಿರ ಪಟ್ಟು, ಲಕ್ಷ ಪಟ್ಟು ಹೆಚ್ಚಿಸಿ ಕಣ್ಣಿಗೆ ಕಾಣುವ ಗೆರೆಯಾಗಿಸುವ ದ್ರವ. ಅದು ಸದಾ ಹೆಪ್ಪುಗಟ್ಟಿಯೇ ಇರಬೇಕು. ಬೆಚ್ಚಗಾದರೆ ಅದರ ಕಸುವು ಹೋಗುತ್ತದೆ.

"ಒಂದನ್ನೂ ನಂಬೋ ಹಾಗಿಲ್ಲ. ನಮ್ಮ ಕೆಲಸಕ್ಕೆ ಎಲ್ಲ ಹೊಸದು ತರಿಸಿ" ಎಂದರು ಬೆರ್ಟಿಲ್.

"ಇವನ್ನ ಎಸೀಲಾ?"

ಅವರು ಸ್ವಲ್ಪ ಯೋಚಿಸಿದರು. "ಬೇಡ. ಮತ್ತೆ ಫ್ರೀಜ್ ಮಾಡಿ ಬೇರೆ ಇಡಿ. ಪಾರ್ಟ್ನರ್‌ಗೆ ಕಳಿಸೋಣ. ಅವರಿಗೆ ಏನೂ ಇಲ್ಲದಿರೋದಕ್ಕಿಂತ ವಾಸಿ."

ಪಾರ್ಟ್ನರ್ ಎಂದರೆ ಮುಲುಗೆಟಾ. ದಕ್ಷಿಣ ಇಥಿಯೋಪಿಯದ ಒಂದು ಕಾಲೇಜಿನ ಅಧ್ಯಾಪಕ. ಸ್ವೀಡನ್ನಿನ ನೆರವಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಫೆಬ್ರವರಿಯಿಂದ ಮೇವರೆಗೆ ಲುಂಡ್‌ನಲ್ಲಿ, ಉಳಿದ ತಿಂಗಳು ತನ್ನೂರಿನಲ್ಲಿ. ಅವನ ಸೀಮೆಯ ಜನ ತಿನ್ನುವುದು ಎನ್‌ಸೆಟ್ ಎಂಬ ಗಿಡವನ್ನು. ನೋಡಲು ಥೇಟು ಬಾಳೆ, ಆದರೆ ತಿನ್ನುವಂಥ ಹಣ್ಣು ಬಿಡುವುದಿಲ್ಲ. ಹೆಂಗಸರು ಅದರ ದಿಂಡನ್ನೂ ಗೆಡ್ಡೆಯನ್ನೂ ಹೆರೆದು, ಗುಂಡಿಯಲ್ಲಿ ತಿಂಗಳುಗಟ್ಟಲೆ ಹುಳಿಯಲು ಬಿಟ್ಟು, ರೊಟ್ಟಿ ಮಾಡುತ್ತಾರೆ. ಅದಕ್ಕೊಂದು ಕೊಳೆರೋಗ. ಹಿಡಿದರೆ ದಿಂಡಿನಿಂದ ಹಳದಿ ಲೋಳೆ ಸುರಿದು ಗಿಡ ಕುಸಿಯುತ್ತದೆ. ರೋಗವಿಲ್ಲದ ಸಸಿ ಯಾವುದೆಂದು ನೆಡುವ ಮೊದಲೇ ತಿಳಿದರೆ ತೋಟ ಉಳಿಯುತ್ತದೆ. ಆ ಪರೀಕ್ಷೆಯನ್ನು ಮುಲುಗೆಟಾ ತನ್ನ ಊರಿನಲ್ಲೇ, ತನ್ನದೇ ಲ್ಯಾಬಿನಲ್ಲಿ ಮಾಡಿ ತೋರಿಸಬೇಕಿತ್ತು. ಅವನ ಪಿಎಚ್‌ಡಿ ಅದರ ಮೇಲೆಯೇ ನಿಂತಿತ್ತು.

ಆಗಸ್ಟಿನಲ್ಲಿ ಡಬ್ಬಿ ಕಟ್ಟಿದವಳು ರಾಜಲಕ್ಷ್ಮಿ. ಮನಸ್ಸು ಒಪ್ಪದೆ ಒಂದು ಟ್ಯೂಬನ್ನು ಪರೀಕ್ಷಿಸಿದಳು. ರೋಗ ಜೋರಾಗಿರುವ ಮಾದರಿ ಹಾಕಿದಾಗ ಗೆರೆ ಬಂತು. ತುಸು ಮಂಕು, ಆದರೂ ಬಂತು. ಇನ್ನೂ ಜೀವ ಇದೆಯಲ್ಲ ಎಂದುಕೊಂಡಳು. ಮೂವತ್ತು ಟ್ಯೂಬುಗಳ ಮೇಲೆ ಹೊಸ ಲೇಬಲ್ ಅಂಟಿಸಿ, ದುಂಡಗೆ ಹೆಸರು ಬರೆದಳು. ಫ್ರೀಜರ್ ಕೆಟ್ಟ ವಿಷಯ ಬರೆಯಲು ಲೇಬಲ್ಲಿನಲ್ಲಿ ಜಾಗವೇನೋ ಇತ್ತು. ಡಬ್ಬಿಯಲ್ಲಿ ಹಿಡಿಸದ ಆರು ಟ್ಯೂಬುಗಳು ಫ್ರೀಜರಿನ ಕೆಳಗಿನ ಡ್ರಾಯರಿನಲ್ಲಿ ಉಳಿದವು.

ಮರುವರ್ಷ ಮೇ ತಿಂಗಳ ಒಂದು ಭಾನುವಾರ ಮುಲುಗೆಟಾ ರಾಜಲಕ್ಷ್ಮಿಯ ಮನೆಗೆ ಊಟಕ್ಕೆ ಬಂದ. ಪ್ರತಿವರ್ಷ ಬರುತ್ತಿದ್ದ. ದೋಸೆಯನ್ನು ನೋಡಿ ಪ್ರತಿವರ್ಷ ಮಾಡುವ ತಮಾಷೆಯನ್ನೇ ಮಾಡಿದ.

"ಸಿಸ್ಟರ್, ಇದು ನಮ್ಮ ಇಂಜೆರಾ ರೊಟ್ಟಿಯ ಮಗು. ಬಡಕಲು ಮಗು. ಸರಿಯಾಗಿ ಊಟ ಹಾಕಿಲ್ಲ ನೀವು."

"ಮಗು ಅಲ್ಲ, ಅಜ್ಜಿ. ನಿಮ್ಮದೇ ನಮ್ಮದರ ಮೊಮ್ಮಗು" ಎಂದಳು ರಾಜಲಕ್ಷ್ಮಿ.

"ಸರಿ ಬಿಡಿ, ಇಂಡಿಯನ್ನರ ಜೊತೆ ವಾದ ಮಾಡಬಾರದು ಅಂತ ಶಾಲೇಲೇ ಕಲಿತಿದ್ದೀನಿ. ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಇಂಡಿಯನ್. ಒಂದು ಹನಿ ಆಸಿಡ್ ಹೆಚ್ಚಾದ್ರೆ ಇಡೀ ಕ್ಲಾಸು ನಿಲ್ಲಿಸ್ತಿದ್ರು."

ಏಳು ವರ್ಷದ ಮಗಳು ಅಹನಾ ಸ್ವೀಡಿಶ್‌ನಲ್ಲೇ ಏನೋ ಕೇಳಿ, ಉತ್ತರಕ್ಕೆ ಕಾಯದೆ ಆಡಲು ಓಡಿದಳು. ಬದರಿನಾಥ ಅಲ್ಲಿನ ಕೆಲಸ ಹೇಗೆ ನಡೆಯುತ್ತದೆ ಎಂದು ವಿಚಾರಿಸಿದ.

"ಒಂದು ಸಣ್ಣ ಬಾಟಲಿ ತರಿಸೋಕೆ ಐದು ತಿಂಗಳು. ಅದಕ್ಕೆ ಡಾಲರ್ ಬೇಕು, ಡಾಲರಿಗೆ ಬ್ಯಾಂಕಿನ ಕಾಗದ, ಆ ಕಾಗದಕ್ಕೆ ರಾಜಧಾನಿಯ ಒಂದು ಸಹಿ. ಸಹಿ ಹಾಕೋರು ಯಾವಾಗಲೂ ಟ್ರೈನಿಂಗ್‌ನಲ್ಲಿ. ಸಾಮಾನು ಬಂದ ದಿನ ಕರೆಂಟ್ ಇರಲ್ಲ. ನಾನು ಮೂರು ವರ್ಷ ಕಷ್ಟಪಟ್ಟು ಕಲಿಸಿದ ಟೆಕ್ನಿಷಿಯನ್ ಹೋದ ತಿಂಗಳು ಮೊಬೈಲ್ ಕಂಪನಿಗೆ ಸೇರಿಕೊಂಡ." ಮುಲುಗೆಟಾ ನಗುತ್ತಲೇ ಹೇಳಿದ. "ಇನ್ನು ದಾನ! ಯೂರೋಪಿನವರು ಕಳಿಸಿದ ಮೆಶೀನುಗಳು ನಮ್ಮಲ್ಲಿ ಒಂದು ಕೋಣೆ ತುಂಬ ಇವೆ. ಒಂದಕ್ಕೆ ಪ್ಲಗ್ ಇಲ್ಲ, ಒಂದಕ್ಕೆ ಮುಚ್ಚಳ ಇಲ್ಲ. ಅದಕ್ಕೇ ದಾನದ ಸಾಮಾನೆಲ್ಲ ನಾವು ಮೊದಲು ಪರೀಕ್ಷೆ ಮಾಡ್ತೀವಿ, ಶತ್ರು ಕಳಿಸಿದ ಊಟದ ಥರ. ನಿಮ್ಮ ಡಬ್ಬಿ ಕಸ್ಟಮ್ಸಿನಲ್ಲಿ ಹತ್ತೊಂಬತ್ತು ದಿನ ಕೂತಿತ್ತು. ಆದರೂ ಸಿಸ್ಟರ್ ಬರೆದ ಲೇಬಲ್ ನೋಡಿ ನೇರ ಕೆಲಸಕ್ಕೆ ಹಚ್ಚಿದೆ. ಗೆರೆ ಬಂತು! ಇನ್ನೂರ ಹನ್ನೆರಡು ಸಸಿಗೆ ರೋಗ ಇಲ್ಲ ಅಂತ ಬರೆದುಕೊಟ್ಟಿದ್ದೀನಿ."

ರಾಜಲಕ್ಷ್ಮಿ ಕೈಗೆತ್ತಿಕೊಂಡ ದೋಸೆಯ ತುಣುಕನ್ನು ತಟ್ಟೆಯಲ್ಲೇ ಬಿಟ್ಟಳು. ಹೇಳಬೇಕಿದ್ದರೆ ಅದೇ ಗಳಿಗೆ. ಚಟ್ನಿ ತರುತ್ತೇನೆಂದು ಅವಳು ಅಡುಗೆಮನೆಗೆ ಎದ್ದುಹೋದಳು.

ಅಕ್ಟೋಬರಿನಲ್ಲಿ ಮುಲುಗೆಟಾನ ಈಮೇಲ್ ಬಂತು. ಇನ್ನೂರ ಹನ್ನೆರಡು ಸಸಿಗಳಲ್ಲಿ ಎಪ್ಪತ್ತೊಂದು ಕೊಳೆತಿದ್ದವು. ಎರಡು ಹಳ್ಳಿಗಳ ಹೆಂಗಸರು ತೋಟಗಳನ್ನು ಕಡಿದು ಸುಟ್ಟಿದ್ದರು. ಅಕ್ಕಪಕ್ಕದ ಹಳೆಯ ಗಿಡಗಳಿಗೂ ರೋಗ ದಾಟಿತ್ತು. ಕಾರಣ ಹುಡುಕುತ್ತಿದ್ದೇನೆ, ಸ್ವಲ್ಪ ಸಮಯ ಕೊಡಿ ಎಂದು ಬರೆದಿದ್ದ.

ಬುಧವಾರದ ಸಭೆಯಲ್ಲಿ ಎಂಟು ಜನ ಕೂತಿದ್ದರು. ಮುಲುಗೆಟಾ ಆರು ಸಾವಿರ ಕಿಲೋಮೀಟರ್ ಆಚೆ. ಮೇಜಿನ ಮೇಲೆ ದಾಲ್ಚಿನ್ನಿಯ ಬನ್ನುಗಳು. ಬೆರ್ಟಿಲ್ ನಿಜವಾಗಿಯೂ ಬೇಸರದಿಂದ ಮಾತಾಡಿದರು.

"ಯಾರನ್ನೂ ದೂರೋದು ಬೇಡ. ಅವನು ಒಳ್ಳೆಯ ಮನುಷ್ಯ, ಕಷ್ಟಪಡ್ತಾನೆ. ಆದರೆ ಅಲ್ಲಿನ ಪರಿಸ್ಥಿತಿ ನೋಡಬೇಕಲ್ಲ. ಈ ಕೆಲಸಕ್ಕೆ ಕೈ ಪಳಗಿರಬೇಕು. ಇನ್ನು ಮೇಲೆ ಅವನು ಎಲೆಗಳನ್ನು ಒಣಗಿಸಿ ಇಲ್ಲಿಗೆ ಕಳಿಸಲಿ, ಪರೀಕ್ಷೆ ನಾವು ಮಾಡೋಣ. ಅವನಿಗೆ ಪಿಎಚ್‌ಡಿ ಬದಲು ಇಲ್ಲಿನ ಅರ್ಧ ಪದವಿ ಸಿಗುತ್ತೆ, ಅದೂ ಗೌರವದ್ದೇ. ಪರೀಕ್ಷೆಯ ಅಧ್ಯಾಯವನ್ನು ನಮ್ಮ ವಿದ್ಯಾರ್ಥಿ ಯಾರಾದರೂ ಮುಂದುವರಿಸಲಿ."

ಎಲ್ಲರೂ ತಲೆಯಾಡಿಸಿದರು. ಒಬ್ಬಳು 'ಪಾಪ' ಎಂದಳು. ಇನ್ನೊಬ್ಬ ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕುತ್ತಿದ್ದ. ಅದನ್ನು ನೋಡುತ್ತ ರಾಜಲಕ್ಷ್ಮಿ ತನ್ನ ಬನ್ನಿನ ತಟ್ಟೆಯನ್ನು ದೂರ ಸರಿಸಿದಳು. ಯಾರ ಬಾಯಲ್ಲೂ ಒಂದು ಕೆಟ್ಟ ಮಾತಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಅಲ್ಲಿನ ಸಭೆಗಳಿಗೆ ಒಂದು ಕ್ರಮವಿತ್ತು. ನಡವಳಿಯನ್ನು ಒಬ್ಬರು ಬರೆದರೆ, ಇನ್ನೊಬ್ಬರು ಓದಿ, ನಡೆದದ್ದು ಇದೇ ಎಂದು ಸಹಿ ಹಾಕಬೇಕು. ಆ ಸಹಿಯಿಲ್ಲದೆ ನಡವಳಿ ಊರ್ಜಿತವಲ್ಲ. ಯಾರಿಗೂ ಬೇಡವಾದ ಕೆಲಸ ಅದು, ಸರದಿಯ ಮೇಲೆ ಬರುತ್ತಿತ್ತು. ಆವತ್ತಿನ ಸರದಿ ರಾಜಲಕ್ಷ್ಮಿಯದು. ಈ ನಡವಳಿ ನೆರವು ಕೊಡುವ ಕಚೇರಿಗೆ ಹೋಗಬೇಕಿತ್ತು. ಮುಲುಗೆಟಾನ ಮುಂದಿನ ವರ್ಷಗಳು ಅದರಲ್ಲಿದ್ದವು.

ಮಧ್ಯಾಹ್ನ ಅವಳು ಕೆಳಗಿನ ಡ್ರಾಯರನ್ನು ಎಳೆದಳು. ಉಳಿದಿದ್ದ ಆರೂ ಟ್ಯೂಬುಗಳನ್ನು ತೆಗೆದು, ಹೊಸ ಕಿಣ್ವದ ಜೊತೆ ಒಟ್ಟಿಗೆ ಪರೀಕ್ಷಿಸಿದಳು. ಈ ಸಲ ರೋಗ ಜೋರಾಗಿದ್ದ ಎಲೆಯ ಜೊತೆಗೆ, ಆಗಷ್ಟೇ ರೋಗ ಹಿಡಿದ ಎಲೆಯ ರಸವನ್ನೂ ಹಾಕಿದಳು. ನೇರಳೆ ಬೆಳಕಿನ ಪೆಟ್ಟಿಗೆಗೆ ಕಣ್ಣಿಟ್ಟಾಗ ಎಲ್ಲ ನಿಚ್ಚಳವಾಗಿತ್ತು. ಹೊಸ ಕಿಣ್ವದಲ್ಲಿ ಎರಡಕ್ಕೂ ಗೆರೆ. ಕರಗಿ ಮತ್ತೆ ಹೆಪ್ಪುಗಟ್ಟಿದ್ದರಲ್ಲಿ ಸಾಯುವ ಗಿಡಕ್ಕೆ ಮಾತ್ರ ಮಂಕು ಗೆರೆ. ಎಳೆಯ ರೋಗವಿದ್ದ ಕಡೆ ಕತ್ತಲೆ. ಆ ಕತ್ತಲೆಯನ್ನೇ ಅವನು ರೋಗವಿಲ್ಲ ಎಂದು ಓದಿದ್ದ. ಹೋದ ವರ್ಷ ಅವಳು ಸುಲಭದ ಪ್ರಶ್ನೆ ಕೇಳಿ, ಬೇಕಾದ ಉತ್ತರ ಪಡೆದು, ಡಬ್ಬಿ ಮುಚ್ಚಿದ್ದಳು.

ಕೈಗವಸು ಕಿತ್ತು ಬುಟ್ಟಿಗೆ ಹಾಕಿದಳು. ಬೆರಳುಗಳು ಅವಳಿಗೆ ಬೇರೆ ಯಾರವೋ ಎನಿಸಿದವು. ಮೂಸಿದರೆ ರಬ್ಬರಿನ ವಾಸನೆ ಅಷ್ಟೆ. ಆದರೂ ಮತ್ತೊಮ್ಮೆ ಮುಖದ ಹತ್ತಿರ ತರಲಾಗಲಿಲ್ಲ.

ಗೆರೆಗಳ ಫೋಟೋ ತೆಗೆದು, ಆ ಚಿತ್ರವನ್ನು ಬೆರ್ಟಿಲ್ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಕಸ್ಟಮ್ಸಿನಲ್ಲಿ ಹತ್ತೊಂಬತ್ತು ದಿನ ಇತ್ತಲ್ಲ, ಆಗ ಕೆಟ್ಟಿರಬೇಕು."

"ಇವು ಕಸ್ಟಮ್ಸನ್ನ ಕಂಡೇ ಇಲ್ಲ, ಬೆರ್ಟಿಲ್. ಈ ಕಟ್ಟಡ ಬಿಟ್ಟು ಹೋಗಿಲ್ಲ. ಮಿಡ್‌ಸೊಮ್ಮರ್‌ನಲ್ಲೇ ಕೆಟ್ಟಿದ್ದವು. ನಾವು ಗೊತ್ತಿದ್ದೂ ಕಳಿಸಿದೆವು."

ಅವರು ಕಿಟಕಿಯ ಕಡೆ ನೋಡಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನೀವು ಇದನ್ನ ಹೇಳಿದ್ದು ಒಳ್ಳೆಯದಾಯಿತು. ಮುಂದಿನ ಸಲ ಎಚ್ಚರವಾಗಿರೋಣ. ನಡವಳಿಯಲ್ಲಿ 'ಸಾಗಣೆಯಲ್ಲಿ ತಂಪು ಕಾಯುವ ತೊಂದರೆ' ಅಂತ ಒಂದು ಸಾಲು ಸೇರಿಸ್ತೀನಿ. ನಿರ್ಧಾರ ಮಾತ್ರ ಹಾಗೇ ಇರಲಿ. ಹೇಗೂ ಅಲ್ಲಿ ಈ ಕೆಲಸ ಕಷ್ಟವೇ."

ಮನೆಯಲ್ಲಿ ಬದರಿನಾಥ ಎಲ್ಲ ಕೇಳಿಸಿಕೊಂಡ. ಲ್ಯಾಪ್‌ಟಾಪ್ ಮುಚ್ಚಿದ.

"ರಾಜಿ, ಜನವರೀಲಿ ನಿನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ಈ ಟೈಮಲ್ಲಿ ಪ್ರೊಫೆಸರ್ ಜೊತೆ ಫೈಟ್ ಬೇಕಾ? ಆತ ಒಂದು ಲೈನ್ ಹಾಕ್ತೀನಿ ಅಂದ್ರಲ್ಲ."

"ಆ ಲೈನು ಸುಳ್ಳು ಕಣ್ರೀ."

"ಪೂರ್ತಿ ಸುಳ್ಳೇನಲ್ಲ. ಕಸ್ಟಮ್ಸಲ್ಲಿ ಕೂತಿದ್ದು ನಿಜ ತಾನೆ? ಎಲ್ಲಾ ಆಫೀಸಲ್ಲೂ ಹೀಗೇ ಬರೆಯೋದು. ನೀನು ತಿಪಟೂರಲ್ಲಿ ಹಳೇ ಬಾಟ್ಲಿ ಯೂಸ್ ಮಾಡ್ಲಿಲ್ವಾ? ಯಾರ್ ಸತ್ರು?"

"ಅಲ್ಲಿ ಹಳೇದು ಅಂತ ಗೊತ್ತಿದ್ದು ನಾವೇ ಬಳಸ್ತಿದ್ವಿ. ಹೊಸ ಲೇಬಲ್ ಅಂಟಿಸಿ ಇನ್ನೊಬ್ಬರ ಮನೆಗೆ ಕಳಿಸ್ತಿರ್ಲಿಲ್ಲ." ಹೇಳುತ್ತಿದ್ದಂತೆ ಅವಳಿಗೆ ಮೊದಲ ವರ್ಷದ ಹುಡುಗಿಯರು ನೆನಪಾದರು. ತಳದ ಪುಡಿಯಲ್ಲಿ ಬಣ್ಣ ಬಾರದೆ, ತಮ್ಮದೇ ತಪ್ಪೆಂದು ಅಳುತ್ತಿದ್ದವರು. ಅಲ್ಲೂ ಇದೇ ನಡೆದಿತ್ತು. ಅವಳು ನೋಡಿರಲಿಲ್ಲ, ಅಷ್ಟೆ.

ಬದರಿನಾಥ ಮೆಲ್ಲಗೆ ಅಂದ, "ನೀನೂ ಸಿಕ್ಕಿಹಾಕ್ಕೋತೀಯ, ಅದನ್ನ ಯೋಚನೆ ಮಾಡು."

"ಯೋಚನೆ ಮಾಡಿದೀನಿ."

ಭಾನುವಾರ ಮುಲುಗೆಟಾಗೆ ಫೋನ್ ಮಾಡಿದಳು. ಲೈನು ಮೂರು ಸಲ ಕಡಿದುಹೋಯಿತು. ನಾಲ್ಕನೇ ಸಲ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆ ಕಡೆ ಕೋಳಿ ಕೂಗುವುದು, ಯಾರೋ ಬಕೆಟ್ಟು ಇಳಿಸುವುದು ಕೇಳಿಸಿತು.

"ಮೇನಲ್ಲಿ ನಿಮ್ಮ ಮನೇಲಿ ಊಟ ಮಾಡಿದೆನಲ್ಲ. ಆಗ ನಿಮಗೆ ಗೊತ್ತಿತ್ತಾ?"

"ಪೂರ್ತಿ ಗೊತ್ತಿರ್ಲಿಲ್ಲ. ಅನುಮಾನ ಇತ್ತು."

"ಆಗಲೇ ಹೇಳಿದ್ದರೆ ಸಸಿಗಳನ್ನ ಕೀಳಿಸ್ತಿದ್ದೆ. ಪಕ್ಕದ ತೋಟಗಳಾದ್ರೂ ಉಳೀತಿದ್ದವು."

"ಸಾರಿ, ಮುಲುಗೆಟಾ."

"ಸಾರಿ ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಕಾಗದ ಬೇಕು. ಕಾಗದ ಇಲ್ಲದೆ ನಾನು ಏನು ಹೇಳಿದರೂ ಅದು ಆಫ್ರಿಕಾದವನ ನೆಪ ಆಗುತ್ತೆ. ಕರೆಂಟ್ ಇರಲಿಲ್ಲ, ರಸ್ತೆ ಸರಿಯಿಲ್ಲ, ಕಿಣ್ವ ಸರಿಯಿಲ್ಲ. ಕೇಳಿ ಕೇಳಿ ಅವರಿಗೆ ಬಾಯಿಪಾಠ." ಆ ದಿನ ಅವನು ಅವಳನ್ನು ಸಿಸ್ಟರ್ ಎಂದು ಕರೆಯಲಿಲ್ಲ.

ಸೋಮವಾರ ನಡವಳಿ ಅವಳ ಮೇಜಿಗೆ ಬಂತು. ಎರಡು ಪುಟ, ಅಚ್ಚುಕಟ್ಟು. ಆರನೇ ಅಂಶ: ಪಾಲುದಾರರ ಕಡೆಯ ಸಾಗಣೆಯಲ್ಲಿ ತಂಪು ಕಾಯುವ ತೊಂದರೆಗಳಿಂದಾಗಿ, ಹಾಗೂ ಸ್ಥಳೀಯ ಸಾಮರ್ಥ್ಯದ ಕೊರತೆಯಿಂದಾಗಿ, ಪರೀಕ್ಷೆಯನ್ನು ಲುಂಡ್‌ನಲ್ಲೇ ಮಾಡುವುದೆಂದು ನಿರ್ಧರಿಸಲಾಗಿದೆ. ಅವಳು ಅದನ್ನು ಎರಡು ಸಲ ಓದಿದಳು. ಮಾತುಗಳಿಗೆಲ್ಲ ಸಾಬೂನು ಹಚ್ಚಿ ತೊಳೆದಿದ್ದರು. ಎಪ್ಪತ್ತೊಂದು ಗಿಡಗಳ ಲೋಳೆ ಒಂದು ಹನಿಯೂ ಕಾಗದಕ್ಕೆ ತಾಕಿರಲಿಲ್ಲ.

ಅವಳು ಆರನೇ ಅಂಶದ ಮೇಲೆ ಗೆರೆ ಎಳೆದಳು. ಪಕ್ಕದ ಅಂಚಿನಲ್ಲಿ ಸ್ವೀಡಿಶ್‌ನಲ್ಲಿ, ಪದ ಪದವನ್ನೂ ನಿಘಂಟಿನಲ್ಲಿ ನೋಡಿ ಬರೆದಳು: ನಮ್ಮ ಫ್ರೀಜರಿನಲ್ಲಿ ನಾಲ್ಕು ದಿನ ಕರಗಿದ್ದ ಕಿಣ್ವವನ್ನು ನಮಗೆ ಬೇಡವೆಂದು ತೆಗೆದು ಪಾಲುದಾರರಿಗೆ ಕಳಿಸಿದೆವು. ಆ ವಿಷಯ ಮುಚ್ಚಿಟ್ಟ ಲೇಬಲ್ ಬರೆದವಳು ನಾನು. ಉಳಿದ ಟ್ಯೂಬುಗಳ ಪರೀಕ್ಷೆಯ ಚಿತ್ರ ಲಗತ್ತಿಸಿದೆ. ಹೊಸ ಕಿಣ್ವ ಕೊಟ್ಟು ಎರಡೂ ಲ್ಯಾಬುಗಳಲ್ಲಿ ಮತ್ತೆ ಪರೀಕ್ಷೆ ಮಾಡದೆ ಈ ನಿರ್ಧಾರ ತೆಗೆದುಕೊಳ್ಳಬಾರದೆಂದು ಕೇಳುತ್ತೇನೆ. ಕೆಳಗೆ ಸಹಿ ಹಾಕಿದಳು.

ಬೆರ್ಟಿಲ್ ಅವಳನ್ನು ಕರೆದು ಬಾಗಿಲು ಮುಚ್ಚಿದರು. "ಇದು ಸಭೆಯಲ್ಲಿ ಹೇಳಿದ್ದಲ್ಲ. ನಡವಳಿಗೆ ಸೇರುವುದಿಲ್ಲ."

"ಹಾಗಿದ್ದರೆ ಆರನೇ ಅಂಶವೂ ಸಭೆಯಲ್ಲಿ ಹೇಳಿದ್ದಲ್ಲ. ಸಾಗಣೆಯ ವಿಷಯ ಆಮೇಲೆ ಸೇರಿಸಿದ್ದು. ಅದಕ್ಕೆ ನಾನು ಸಹಿ ಹಾಕಲ್ಲ."

"ಒಂದು ಪದವಾದರೂ ಬದಲಿಸೋಣ. 'ನಮಗೆ ಬೇಡವೆಂದು' ಅನ್ನೋದು ಕೆಟ್ಟದಾಗಿ ಕೇಳಿಸುತ್ತೆ."

"ಕೆಟ್ಟದ್ದೇ, ಬೆರ್ಟಿಲ್."

ಸಹಿಗೆ ಬೇರೆಯವರನ್ನು ಹುಡುಕಬೇಕೆಂದರೆ ಸಭೆ ಮತ್ತೆ ಸೇರಬೇಕು, ಯಾಕೆಂದು ಹೇಳಬೇಕು. ಅವರು ಎರಡು ದಿನ ಆ ಕಾಗದವನ್ನು ಇಟ್ಟುಕೊಂಡರು. ಮೂರನೇ ದಿನ ಅವಳ ಅಂಚಿನ ಬರಹದೊಂದಿಗೇ ಕಳಿಸಿದರು. ಬೇರೆ ದಾರಿ ಇರಲಿಲ್ಲ.

ನೆರವಿನ ಕಚೇರಿಯಿಂದ ಒಬ್ಬ ಹೆಂಗಸು ಬಂದು, ಫ್ರೀಜರ್ ನೋಡಿ, ಟ್ಯೂಬುಗಳನ್ನು ಎಣಿಸಿ ಹೋದಳು. ನಲವತ್ತು ಎಲೆಗಳನ್ನು ಆರಿಸಿ, ಅವನ್ನೇ ಎರಡೂ ಕಡೆ ಹೊಸ ಕಿಣ್ವದಿಂದ ಪರೀಕ್ಷಿಸಬೇಕೆಂದು ಆದೇಶವಾಯಿತು. ನಲವತ್ತರಲ್ಲಿ ಮೂವತ್ತೊಂಬತ್ತು ಸರಿಹೊಂದಿದವು. ಹೊಂದದ ಒಂದರಲ್ಲಿ ತಪ್ಪಿದ್ದು ಲುಂಡ್‌ನ ಲ್ಯಾಬು. ಪರೀಕ್ಷೆ ಮುಲುಗೆಟಾನ ಕೈಯಲ್ಲೇ ಉಳಿಯಿತು, ಪಿಎಚ್‌ಡಿಯೂ. ಸಂಸ್ಥೆಯಲ್ಲಿ ಯಾರೂ ಅವಳೊಂದಿಗೆ ಜಗಳವಾಡಲಿಲ್ಲ. ಫಿಕಾದಲ್ಲಿ ಹವಾಮಾನದ ಮಾತಾಡಿದರು, ಬನ್ನಿನ ತಟ್ಟೆಯನ್ನು ಅವಳ ಕಡೆಗೂ ಸರಿಸಿದರು. ಜನವರಿಯಲ್ಲಿ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಹೊಸ ಬಜೆಟ್ಟಿನಲ್ಲಿ ಆ ಹುದ್ದೆ ಇಲ್ಲ ಎಂದರು, ಮೆತ್ತಗೆ.

ಮಾರ್ಚಿನಲ್ಲಿ ಮುಲುಗೆಟಾನ ಪತ್ರ ಬಂತು. ಅವಳು ಈಗ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮಕ್ಕಳ ತಟ್ಟೆಗಳನ್ನು ಮೆಶೀನಿಗೆ ಜೋಡಿಸಿ, ಬೆಂಚಿನ ಮೇಲೆ ಕೂತು ಓದಿದಳು.

ಸಹಿಗೆ ಧನ್ಯವಾದ, ಎಂದು ಒಂದೇ ಸಾಲು. ಆಮೇಲೆ ಊರಿನ ಸುದ್ದಿ. ಕಿಣ್ವ ಈಗ ಸರಿಯಾಗಿದೆ, ಎಲೆಗಳೇ ಸಿಗುತ್ತಿಲ್ಲ. ಎರಡೂ ಹಳ್ಳಿಗಳಲ್ಲಿ ಹೆಂಗಸರು ಅವನನ್ನು ಕಂಡರೆ ಬೇಲಿಯ ಬಾಗಿಲು ಹಾಕುತ್ತಾರೆ. ಹೋದ ಸಲವೂ ನೀನೇ ಬಂದಿದ್ದೆ ಎನ್ನುತ್ತಾರೆ. ಹದಿನಾಲ್ಕು ಮನೆ ತಿರುಗಿದ ಮೇಲೆ ಒಬ್ಬ ಮುದುಕಿ ಒಳಗೆ ಬಿಟ್ಟಳಂತೆ. ತೋಟದಲ್ಲಿ ಉಳಿದಿದ್ದ ಒಂಬತ್ತು ಗಿಡಗಳಲ್ಲಿ, ಆಗಲೇ ಹಳದಿಯಾಗಿ ಜೋತುಬಿದ್ದ ಒಂದನ್ನು ತೋರಿಸಿ, ಇದರ ಎಲೆ ತಗೊಂಡು ಹೋಗು, ನಿನ್ನ ಮೆಶೀನಿಗೆ ಇದಾದರೂ ಕಾಣುತ್ತಾ ನೋಡೋಣ ಎಂದಳಂತೆ.

ತೆಗೆದುಕೊಂಡು ಹೋದೆ, ಎಂದು ಬರೆದಿದ್ದ. ಪರೀಕ್ಷೆ ಮಾಡಿದೆ. ದಪ್ಪ ಗೆರೆ ಬಂತು. ಎಂಟು ಕಿಲೋಮೀಟರ್ ವಾಪಸ್ಸು ನಡೆದು ಹೋಗಿ, ಈ ಗಿಡಕ್ಕೆ ರೋಗ ಇದೆ ಎಂದು ಹೇಳಿದೆ. ಇದು ನನಗೆ ಗೊತ್ತಿತ್ತಲ್ಲ ಎಂದಳು. ಉಳಿದ ಎಂಟರ ಎಲೆ ಕೇಳಿದೆ. ಕೊಡಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ.